ಎತ್ತಿನ ಗಾಡಿಯ ಲೆಕ್ಕ

ಪಿ.ಯು.ಸಿ. ವಿಜ್ಞಾನಕ್ಕೆ ಸೇರಿದ ಮಕ್ಕಳು ಮೊದಲ ವರ್ಷದಲ್ಲಿಯೇ ಎದೆಗುಂದುವುದು ಬಲ ಮತ್ತು ಚಲನೆಯ ಲೆಕ್ಕಗಳ ಮುಂದೆ. ಗಣಿತದಲ್ಲಿ ಮುಂದಿರುವ ಹುಡುಗಿಯೂ ಇಲ್ಲಿ ಲೇಖನಿಯನ್ನು ಕೆಳಗಿಡುತ್ತಾಳೆ. ‘ನಮ್ಮ ಮನೆತನಕ್ಕೆ ವಿಜ್ಞಾನ ಒಗ್ಗುವುದಿಲ್ಲ’ ಎಂದು ಹಿರಿಯರು ತೀರ್ಪಿತ್ತು ಅವಳನ್ನು ಬೇರೆ ವಿಭಾಗಕ್ಕೆ ಕಳಿಸುವುದುಂಟು. ಈ ಅವಸರ ಸಲ್ಲದು. ಲೆಕ್ಕವನ್ನು ಓದಿದೊಡನೆ ಸೂತ್ರವನ್ನು ಹುಡುಕುವ ಅಭ್ಯಾಸವೇ ಬಹಳ ಸಲ ತೊಡಕಿನ ಮೂಲ. ಅದಕ್ಕೆ ಮೊದಲು ಕೇಳತಕ್ಕ ಪ್ರಶ್ನೆ ಬೇರೆ ಇದೆ: ನಾವು ವಿಚಾರಿಸುತ್ತಿರುವುದು ಯಾವ ವಸ್ತುವನ್ನು? ಅದರ ಮೇಲೆ ಬಲ ಹಾಕುತ್ತಿರುವವು ಯಾವುವು?

ಕ್ರಿಯೆಗೆ ಸಮನಾದ, ವಿರುದ್ಧ ದಿಕ್ಕಿನ ಪ್ರತಿಕ್ರಿಯೆ ಉಂಟೆಂಬುದು ನ್ಯೂಟನ್ನನ ಮೂರನೆಯ ನಿಯಮ. 1687ರ ‘ಪ್ರಿನ್ಸಿಪಿಯಾ’ದಲ್ಲಿ ಅವನು ಇದಕ್ಕೆ ಹಗ್ಗದಿಂದ ಕಲ್ಲನ್ನೆಳೆಯುವ ಕುದುರೆಯ ದೃಷ್ಟಾಂತ ಕೊಟ್ಟಿದ್ದಾನೆ. ನಮಗೆ ಎತ್ತಿನ ಗಾಡಿ ಸಾಕು. ಎತ್ತುಗಳು ಎಳೆದಷ್ಟೇ ಬಲದಿಂದ ಗಾಡಿಯೂ ಅವನ್ನು ಹಿಂದಕ್ಕೆ ಎಳೆಯುವುದಾದರೆ, ಗಾಡಿ ಕದಲುವುದಾದರೂ ಹೇಗೆ?

ಆ ಎರಡು ಬಲಗಳು ಬೇರೆ ಬೇರೆ ವಸ್ತುಗಳ ಮೇಲಿವೆ; ಆದ್ದರಿಂದ ಒಂದನ್ನೊಂದು ಅಳಿಸಲಾರವು. ಗಾಡಿಯೊಂದನ್ನೇ ಬೇರ್ಪಡಿಸಿ ಚಿತ್ರ ಬರೆಯಿರಿ. ಹೇರು ಸಹಿತ ಅದರ ದ್ರವ್ಯರಾಶಿ 500 ಕಿಲೋಗ್ರಾಂ. ಎತ್ತುಗಳ ಎಳೆತ ಮುಂದಕ್ಕೆ 600 ನ್ಯೂಟನ್. ದಾರಿಯ ತಡೆ ಹಿಂದಕ್ಕೆ 400. ಉಳಿದದ್ದು 200. ಇದನ್ನು 500ರಿಂದ ಭಾಗಿಸಿದರೆ 0.4, ಎಂದರೆ ಗಾಡಿಯ ವೇಗವು ಪ್ರತಿ ಸೆಕೆಂಡಿನಲ್ಲಿಯೂ ಸೆಕೆಂಡಿಗೆ 0.4 ಮೀಟರಿನಷ್ಟು ಏರುತ್ತದೆ. ಗಾಡಿಯು ಎತ್ತನ್ನು ಎಳೆಯುವ ಬಲಕ್ಕೆ ಈ ಚಿತ್ರದಲ್ಲಿ ಸ್ಥಳವೇ ಇಲ್ಲ. ಎತ್ತುಗಳ ಚಿತ್ರ ಬರೆದಾಗ ಅದು ಬರುತ್ತದೆ; ಆಗ ಅವುಗಳನ್ನು ಮುಂದಕ್ಕೆ ತಳ್ಳುವುದು ನೆಲ. ಗೊರಸು ನೆಲವನ್ನು ಹಿಂದಕ್ಕೆ ಒತ್ತುತ್ತದೆ, ಘರ್ಷಣೆಯ ಮೂಲಕ ನೆಲ ಮುಂದಕ್ಕೆ ನೂಕುತ್ತದೆ. ಕೆಸರಿನಲ್ಲಿ ಬಲಿಷ್ಠ ಎತ್ತೂ ಜಾರಿ ನಿಲ್ಲುವುದನ್ನು ಒಕ್ಕಲುತನದ ಮನೆಯವರಿಗೆ ಹೇಳಬೇಕಾಗಿಲ್ಲ.

ಇನ್ನು ಗಾಡಿ ಒಂದೇ ವೇಗದಲ್ಲಿ ಸಾಗುತ್ತಿದೆಯೆನ್ನೋಣ. ತಡೆ 400 ನ್ಯೂಟನ್ ಆದರೆ ಎಳೆತವೆಷ್ಟು? ‘400ಕ್ಕಿಂತ ಹೆಚ್ಚು’ ಎಂದು ಬರೆಯುವ ಮಕ್ಕಳೇ ಬಹಳ. ಸರಿಯುತ್ತರ ಸಮಸಮ 400. ವೇಗ ಬದಲಾಗದಿದ್ದರೆ ಉಳಿಕೆ ಬಲ ಸೊನ್ನೆ. ತಪ್ಪಿದ ಮಗುವನ್ನು ದಡ್ಡನೆನ್ನಬೇಡಿ. ಚಲನೆ ಮುಂದುವರಿಯಲು ಬಲ ಬೇಕೇ ಬೇಕೆಂದು ಅರಿಸ್ಟಾಟಲನೂ ತಿಳಿದಿದ್ದ. ಅದನ್ನು ಅಲುಗಿಸಲು 17ನೆಯ ಶತಮಾನದ ಗೆಲಿಲಿಯೋ ಬರಬೇಕಾಯಿತು.

ಮೇಜಿನ ಮೇಲಿನ ಪುಸ್ತಕದ ವಿಷಯದಲ್ಲಿ ಕೆಲವು ಉಪಾಧ್ಯಾಯರೂ ಎಡವುತ್ತಾರೆ. ಪುಸ್ತಕದ ತೂಕ, ಮೇಜಿನ ಆಸರೆ ಇವೆರಡೂ ಸಮವಾಗಿದ್ದರೂ ಕ್ರಿಯೆ-ಪ್ರತಿಕ್ರಿಯೆಯ ಜೋಡಿಯಲ್ಲ. ಎರಡೂ ಪುಸ್ತಕದ ಮೇಲೆಯೇ ಇವೆ. ಭೂಮಿ ಪುಸ್ತಕವನ್ನು ಎಳೆಯುವ ಬಲಕ್ಕೆ ಜೋಡಿ, ಪುಸ್ತಕ ಭೂಮಿಯನ್ನು ಎಳೆಯುವ ಬಲ. ಮೇಜಿನ ಆಸರೆಗೆ ಜೋಡಿ, ಪುಸ್ತಕ ಮೇಜನ್ನು ಒತ್ತುವ ಬಲ.