ಹತ್ತು ಅವತಾರ, ನೂರಿಪ್ಪತ್ತು ಎಲೆ

ಇಸ್ಪೀಟು ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಹೆಂಗಸರ ಹುಬ್ಬು ಗಂಟಿಕ್ಕುತ್ತದೆ. ಅದಕ್ಕೆ ಕಾರಣವೂ ಉಂಟು, ಅದನ್ನು ಮುಂದೆ ಹೇಳುತ್ತೇನೆ. ಆದರೆ ಈ ಸಲ ನಾನು ಬರೆಯಹೊರಟಿರುವುದು ಎಲೆಯಾಟದ ಬಗ್ಗೆಯೇ. ಪುಟ ಮಗುಚಬೇಡಿ, ಸ್ವಲ್ಪ ತಾಳ್ಮೆಯಿಂದ ಓದಿ.

ನಮ್ಮ ಬೆಳಗಾವಿಯಿಂದ ಚಂದಗಡದ ಹಾದಿ ಹಿಡಿದು ಅಂಬೋಲಿ ಘಾಟ್ ಇಳಿದರೆ ಸಾವಂತವಾಡಿ ಸಿಗುತ್ತದೆ. ದೂರ ಹತ್ತಿರ ಹತ್ತಿರ ನೂರು ಕಿಲೋಮೀಟರು. ಮೋತಿ ತಲಾವ್ ಎಂಬ ಕೆರೆಯ ಎದುರಿಗೆ ಅಲ್ಲಿನ ಅರಮನೆ. ಅಲ್ಲಿ ಕಲಾವಿದರು ಕೂತು ದುಂಡನೆಯ ಎಲೆಗಳ ಮೇಲೆ ಕುಂಚದಿಂದ ದೇವರ ಚಿತ್ರ ಬರೆಯುತ್ತಾರೆ. ಇದೇ ಗಂಜೀಫಾ. ಈ ಕಲೆ ಕಣ್ಮುಚ್ಚುವ ಹೊತ್ತಿನಲ್ಲಿ, 1970ರ ದಶಕದಲ್ಲಿ, ಅಲ್ಲಿನ ರಾಜ ಶಿವರಾಮರಾಜೆ ಭೋಸಲೆ ಮತ್ತು ರಾಣಿ ಸತ್ವಶೀಲಾದೇವಿಯವರು ಪುಂಡಲೀಕ ಚಿತಾರಿ ಎಂಬ ವೃದ್ಧ ಕಲಾವಿದರಿಂದ ಅದನ್ನು ಕಲಿತು, ಹುಡುಗರಿಗೂ ಕಲಿಸಿ ಉಳಿಸಿಕೊಂಡರು. ರಾಣಿಯೇ ಕುಂಚ ಹಿಡಿದು ಕೂತರು ಎಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಎಲೆ ಮಾಡುವ ಬಗೆ ಕೇಳಿದರೆ ನಿಮಗೆ ಅಡುಗೆಮನೆ ನೆನಪಾದೀತು. ಹುಣಸೆಬೀಜ ಅರೆದು ಕುದಿಸಿ ಅಂಟು ಮಾಡುವುದು, ಹಳೆ ಬಟ್ಟೆಯ ಪದರಗಳನ್ನು ಆ ಅಂಟಿನಿಂದ ಒಂದರ ಮೇಲೊಂದು ಕೂಡಿಸುವುದು, ಸುಣ್ಣದ ಪುಡಿ ಬಳಿದು ಕಲ್ಲಿನಿಂದ ಉಜ್ಜಿ ನುಣುಪು ಮಾಡುವುದು, ದುಂಡಗೆ ಕತ್ತರಿಸಿ ಬಣ್ಣ ಹಾಕಿ ಮೇಲೆ ಅರಗಿನ ಹೊಳಪು ಕೊಡುವುದು. ಹಪ್ಪಳ ಮಾಡಿದವರ ಕೈಗೆ ಇದು ಹೊಸದಲ್ಲ!

ಈಗ ಆಟದ ಕಥೆ. ಗಂಜೀಫಾ ಪರ್ಷಿಯಾ ಕಡೆಯಿಂದ ಬಂದದ್ದು. 1527ರಲ್ಲಿ ಬಾಬರ ಸಿಂಧದ ದೊರೆಗೆ ಈ ಎಲೆಗಳನ್ನು ಕಳುಹಿಸಿದ್ದನ್ನು ತಾನೇ ಬರೆದಿಟ್ಟಿದ್ದಾನೆ. ಮೊಗಲರ ಆಟದಲ್ಲಿ 8 ಬಣ್ಣ, ಒಂದೊಂದಕ್ಕೆ 12 ಎಲೆ, ಒಟ್ಟು 96. ಕಿರೀಟ, ಕತ್ತಿ, ನಾಣ್ಯ, ಗುಲಾಮ ಹೀಗೆ ದರ್ಬಾರಿನ ಸಾಮಾನೆಲ್ಲ ಅದರಲ್ಲಿತ್ತು. ನಮ್ಮ ಜನ ಅದನ್ನು ತೆಗೆದುಕೊಂಡು ದರ್ಬಾರು ಬಿಟ್ಟು ವೈಕುಂಠ ಹಿಡಿದರು. ಮತ್ಸ್ಯದಿಂದ ಕಲ್ಕಿಯವರೆಗೆ ಹತ್ತು ಅವತಾರ, ಹತ್ತು ಬಣ್ಣ, 120 ಎಲೆ. ಪ್ರತಿ ಬಣ್ಣಕ್ಕೂ ಒಬ್ಬ ರಾಜ, ಒಬ್ಬ ಮಂತ್ರಿ, ಒಂದರಿಂದ ಹತ್ತರವರೆಗೆ ಲೆಕ್ಕದ ಎಲೆ. ಮತ್ಸ್ಯಕ್ಕೆ ಮೀನು, ಕೂರ್ಮಕ್ಕೆ ಆಮೆ, ಪರಶುರಾಮನಿಗೆ ಕೊಡಲಿ, ಕಲ್ಕಿಗೆ ಕತ್ತಿ. ಒಂಬತ್ತನೆಯ ಅವತಾರ ಮಾತ್ರ ಊರಿಗೊಂದು ಥರ. ಕೆಲವು ಕಡೆ ಬುದ್ಧ, ಒಡಿಶಾದಲ್ಲಿ ಜಗನ್ನಾಥ.

ಕಂಪ್ಯೂಟರಿನಲ್ಲಿ ರಾಜ್ಯ ಕಟ್ಟುವ, ಡ್ರ್ಯಾಗನ್‌ಗಳನ್ನು ಯುದ್ಧಕ್ಕೆ ಬಿಡುವ ಆಟದಲ್ಲೇ ಮುಳುಗಿರುವ ನನ್ನ ಮಗ ಇದನ್ನು ಕೇಳಿ, "ಅಂದ್ರ ಇದು ಎರಡನೇ ಭಾಗ ಆತಲ್ಲವ್ವಾ" ಅಂದ. ಅವರ ಆಟಗಳಿಗೂ ಎರಡು ಮೂರು ಭಾಗ ಬರುತ್ತವಂತೆ. ಹೊಸ ಭಾಗ ಬಂದ ಮೊದಲ ದಿನ ಆಡಿದವರೆಲ್ಲ "ಹಳೇದೇ ಚಲೋ ಇತ್ತು" ಅಂತ ಗೊಣಗುತ್ತಾರಂತೆ, ತಿಂಗಳಾದ ಮೇಲೆ ಅದನ್ನೇ ಬಿಡದೆ ಆಡುತ್ತಾರಂತೆ. ಹೊಸ ಸೊಸೆ ಬಂದ ಮನೆಯ ಹಾಗೆ ಎಂದುಕೊಂಡೆ, ಬಾಯಿಬಿಟ್ಟು ಹೇಳಲಿಲ್ಲ.

ಮೂರನೆಯ ಭಾಗವೂ ಬಂದಿತ್ತು, ಅದೂ ನಮ್ಮ ಕರ್ನಾಟಕದಲ್ಲೇ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಆಟಗಳೆಂದರೆ ಪ್ರಾಣ ಬಿಡುತ್ತಿದ್ದ ಅರಸರು. ಅವರ ಶ್ರೀತತ್ತ್ವನಿಧಿಯಲ್ಲಿ ಕೌತುಕನಿಧಿ ಎಂಬ ಭಾಗವೇ ಆಟಗಳಿಗೆ ಮೀಸಲು. ಛದ ಎಂಬ ಹೆಸರಿನಲ್ಲಿ ಹದಿಮೂರು ಬಗೆಯ ಎಲೆಯಾಟ ಕಟ್ಟಿದರು. ಚಿಕ್ಕದಕ್ಕೆ 36 ಎಲೆ, ದೊಡ್ಡದಕ್ಕೆ 360! ಚಾಮುಂಡೇಶ್ವರಿ ಛದಕ್ಕೇ 320. ಅರಮನೆಯವರಿಗೆ ಬಿಡುವು ಇತ್ತು, ಎಲೆ ಎತ್ತಿಡಲು ಆಳುಗಳಿದ್ದರು. ಒಲೆ ಮೇಲೆ ಹಾಲಿಟ್ಟು ಬಂದವಳು 320 ಎಲೆ ಆಡಿಯಾಳೇ? ಆ ಆಟಗಳು ಅರಮನೆಯ ಹೊಸಿಲು ದಾಟಿ ಊರಿನೊಳಗೆ ಬೇರೂರಲಿಲ್ಲ. ಹತ್ತು ಬಣ್ಣದ ದಶಾವತಾರವೋ ಊರೂರು ಸುತ್ತಿತು. ಆಟ ಎಷ್ಟು ಬೆಳೆಯಬೇಕೆಂಬುದಕ್ಕೂ ಒಂದು ಅಂದಾಜು ಬೇಕು ಎಂಬುದು ನನ್ನ ಅಭಿಪ್ರಾಯ. ಮುಂದೆ ಅಗ್ಗದ ಅಚ್ಚಿನ 52 ಎಲೆಯ ಇಸ್ಪೀಟು ಬಂದು ಎಲ್ಲವನ್ನೂ ಮೂಲೆಗೆ ತಳ್ಳಿತು.

ಕೈಯಿಂದ ಬರೆದ ಪೂರ್ತಿ ಕಟ್ಟಿಗೆ ಸಾವಿರಾರು ರೂಪಾಯಿ. ನಮ್ಮಂಥವರಿಗೆ ಎಟುಕದು, ಎಟುಕಿದರೂ ಆಡಿ ಸವೆಸಲು ಮನಸ್ಸು ಬಾರದು. ನಾನು ಮನೆಯಲ್ಲಿ ಕೂಡಿಬಿದ್ದ ಲಗ್ನಪತ್ರಿಕೆಗಳ ದಪ್ಪ ಹಾಳೆ ತೆಗೆದು, ಕುಂಕುಮದ ಡಬ್ಬಿಯ ಮುಚ್ಚಳ ಇಟ್ಟು ಗೆರೆ ಎಳೆದು 120 ಬಿಲ್ಲೆ ಕತ್ತರಿಸಿದೆ. ಹತ್ತು ಬಣ್ಣದ ಹಿನ್ನೆಲೆ, ಮೇಲೆ ಮೀನು ಆಮೆ ಕೊಡಲಿಗಳ ಗುರುತು. ರಾಜ ಮಂತ್ರಿಯರನ್ನು ಮಗಳು ಬರೆದಳು. ಅವಳ ವರಾಹ ಮಾತ್ರ ನಮ್ಮ ಓಣಿಯ ಎಮ್ಮೆಯಂತಿದೆ.

ಶಿವಬಸವ ನಗರದ ನಮ್ಮ ಓಣಿಯಲ್ಲಿ ಮಧ್ಯಾಹ್ನ ಮೂರಕ್ಕೆ ಮೂವರು ನಾಲ್ವರು ಸೇರುವುದು ರೂಢಿ. ಮೊದಲ ದಿನ ಆಡಿದವರ ಮಾತು ಕೇಳಿ. ನಿವೃತ್ತ ಟೀಚರಮ್ಮ: "ಮೂರು ಮಂದಿಗೆ ತಲಾ 40 ಎಲೆ! ಕೈಯಾಗ ಹಿಡಿಯೂದು ಹ್ಯಾಂಗ್ರೀ?" ದುಂಡು ಎಲೆಯನ್ನು ಇಸ್ಪೀಟಿನ ಹಾಗೆ ಬೀಸಣಿಗೆ ಮಾಡಲಾಗದು, ಜಾರಿ ಕಾಟಿನ ಕೆಳಗೆ ಉರುಳುತ್ತದೆ. ಎದುರುಮನೆಯ ಅಜ್ಜಿಗೆ ಬೇರೆಯೇ ತಕರಾರು. ರಾಮನ ಮೇಲೆ ಎಲೆ ಕುಕ್ಕುವುದು ಪಾಪವಲ್ಲವೇ ಎಂದು. ಪ್ರತಿ ಸಲ ರಾಜನ ಎಲೆ ಬಂದಾಗ ಕಣ್ಣಿಗೆ ಒತ್ತಿಕೊಂಡು ಆಮೇಲೆ ಕೆಳಗಿಡುತ್ತಿದ್ದರು. ಹೀಗೆ ಮಾಡಿದರೆ ಯಾರ ಕೈಯಲ್ಲಿ ರಾಜ ಇದ್ದಾನೆಂದು ಎಲ್ಲರಿಗೂ ತಿಳಿದುಹೋಗದೆ?

ಎಲ್ಲಕ್ಕಿಂತ ಜಗಳ ಎಬ್ಬಿಸಿದ್ದು ಎಲೆಗಳ ಹಿರಿತನ. ಐದು ಬಣ್ಣಗಳಲ್ಲಿ ಮಂತ್ರಿಯ ನಂತರ ಹತ್ತು ದೊಡ್ಡದು, ಒಂದು ಕೊನೆ. ಇನ್ನೈದರಲ್ಲಿ ಇದು ತಿರುಗಾಮುರುಗಾ, ಒಂದೇ ದೊಡ್ಡದು, ಹತ್ತು ಕೊನೆ. "ಇದೆಂಥಾ ನ್ಯಾಯ" ಎಂದು ಟೀಚರಮ್ಮ ಎಲೆ ಕೆಳಗಿಟ್ಟರು. ಅಜ್ಜಿಯೇ ಸಮಾಧಾನ ಹೇಳಿದರು: "ನಮ್ಮ ಮನ್ಯಾಗ ಹಗಲೆಲ್ಲಾ ನಂದ ನಡೀತೈತಿ, ಮೊಮ್ಮಗ ಸಾಲಿಂದ ಬಂದ ಮ್ಯಾಲ ಅವಂದ. ಇದೂ ಹಂಗ." ಅಲ್ಲಿಂದ ಆ ನಿಯಮ ಯಾರಿಗೂ ಮರೆತಿಲ್ಲ.

ಈಗ ಮೂಲೆಮನೆಯವರ ಮಾತು. ಅವರು ಎಲೆ ಕಂಡೊಡನೆ ಬಾಗಿಲಲ್ಲೇ ನಿಂತರು. ಖಾನಾಪುರದ ಕಡೆಯ ಹಳ್ಳಿ ಅವರ ತವರು. ತಂದೆ ಅಂದರ್-ಬಾಹರ್‌ನಲ್ಲಿ ಗದ್ದೆ ಕಳೆದವರು. ತಾಯಿ ಮನೆಯಲ್ಲಿದ್ದ ಇಸ್ಪೀಟಿನ ಕಟ್ಟುಗಳನ್ನೆಲ್ಲ ಒಲೆಗೆ ಹಾಕಿದ್ದರಂತೆ. "ಇದರಾಗ ರೊಕ್ಕ ಇಡ್ತಾರೇನ್ರೀ?" ಎಂದು ಕೇಳಿದರು. ದೇವರ ಚಿತ್ರ ಇದೆಯೆಂದು ಸುಳ್ಳು ಹೇಳಲು ಬಾರದು. ರೊಕ್ಕ ಇಟ್ಟರೆ ಯಾವ ಆಟವೂ ಜೂಜೇ, ಧರ್ಮರಾಯ ಪಗಡೆಯಲ್ಲೇ ಎಲ್ಲ ಕಳೆದ, ನಾವು ಹುಣಸೆಬೀಜವನ್ನೂ ಇಡುವುದಿಲ್ಲ ಎಂದೆ. ಒಂದು ವಾರ ಬರೀ ನೋಡಿದರು. ಎಂಟನೆಯ ದಿನ ಅಜ್ಜಿಗೆ ಹುಷಾರಿಲ್ಲದೆ ಕೈ ಕಡಿಮೆ ಬಿತ್ತು, ಕೂತರು.

ಈ ಆಟದಲ್ಲಿ ತುರುಪು ಇಲ್ಲ. ನೆನಪೇ ಬಂಡವಾಳ. ರಾಜ ಹೋದರೆ ಮಂತ್ರಿ ದೊಡ್ಡವನು, ಮಂತ್ರಿಯೂ ಹೋದರೆ ಅದರ ಕೆಳಗಿನದು. ಹತ್ತು ಬಣ್ಣದಲ್ಲಿ ಯಾವುದು ಹೋಯಿತು, ಯಾವುದು ಉಳಿಯಿತು ಎಂದು ತಲೆಯಲ್ಲಿ ಇಡಬೇಕು. ನಮಗೆ ಮೂರು ಬಣ್ಣ ದಾಟುವಷ್ಟರಲ್ಲಿ ಗೋಜಲು. ಆಕೆ ಮಾತ್ರ ಸಲೀಸಾಗಿ, "ನರಸಿಂಹನ ಮಂತ್ರಿ ಟೀಚರ್ ಕಡೆ ಐತಿ, ಆಮಿ ಎಂಟು ನಿಮ್ಮ ಕಡೆ" ಎಂದು ಹೇಳಿ ಪಟ್ಟುಗಳನ್ನೆಲ್ಲ ಎತ್ತಿಕೊಂಡರು. ಚಿಕ್ಕವಳಿದ್ದಾಗ ತಂದೆಯ ಬೆನ್ನ ಹಿಂದೆ ಕೂತು ನೋಡುತ್ತಿದ್ದರಂತೆ. ಎಲೆ ಕೂಡಿಸಿಡುತ್ತ, "ನಮ್ಮಪ್ಪಗ ಇಷ್ಟು ನೆನಪು ಇದ್ದಿದ್ರ ಗದ್ದಿ ಉಳೀತಿತ್ತೇನೋ" ಅಂದರು. ಯಾರೂ ಏನೂ ಮಾತಾಡಲಿಲ್ಲ. ಚಹಾ ತಣ್ಣಗಾಗಿತ್ತು. ಅವರು ದಿನಾ ಬರುತ್ತಾರೆ, ಎಲೆಯ ಡಬ್ಬಿಯನ್ನು ಮಾತ್ರ ತಮ್ಮ ಮನೆಗೆ ಒಯ್ಯಲು ಒಪ್ಪುವುದಿಲ್ಲ. ನಾನೂ ಒತ್ತಾಯ ಮಾಡುವುದಿಲ್ಲ.

ಮೊಬೈಲಿನ ರಮ್ಮಿಯಲ್ಲಿ ಗಂಡನೋ ಮಗನೋ ಹಣ ಹಾಕಿದ ಕಥೆಗಳು ನಿಮಗೂ ಗೊತ್ತು. 2025ರ ಆಗಸ್ಟಿನಲ್ಲಿ ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು ಪಾಸು ಮಾಡಿದೆ. ಕಾಯಿದೆ ಇದ್ದರೂ ಮನೆಯಲ್ಲಿ ಒಂದು ಕಣ್ಣು ಇಡಿ.

ಆಡಬಯಸುವವರಿಗೆ ನಾವು ಇಟ್ಟುಕೊಂಡ ಸರಳ ಪದ್ಧತಿ. ಹಾಸಿದ ಬಟ್ಟೆಯ ಮೇಲೆ ಎಲೆಗಳನ್ನು ಬೋರಲು ಮಾಡಿ ಕಲಸಿ, ಬಲಕ್ಕೆ ಹಂಚುತ್ತ ಹೋಗಿ. ಹಗಲು ಆಡಿದರೆ ರಾಮ ಯಾರ ಕೈಯಲ್ಲಿದ್ದಾನೋ ಅವರು ಮೊದಲು, ದೀಪ ಹಚ್ಚಿದ ಮೇಲೆ ಕೃಷ್ಣ ಇದ್ದವರು ಮೊದಲು. ಇದು ಹಳೆಯ ನಿಯಮವೇ. ಇಳಿದ ಬಣ್ಣದಲ್ಲಿ ದೊಡ್ಡದು ಹಾಕಿದವರಿಗೆ ಪಟ್ಟು, ಕೊನೆಗೆ ಹೆಚ್ಚು ಪಟ್ಟು ಇದ್ದವರು ಗೆದ್ದಂತೆ. ಮಕ್ಕಳಿದ್ದರೆ ಮೊದಲು ಐದೇ ಅವತಾರ ಆಡಿಸಿ, 60 ಎಲೆ ಸಾಕು. ತಿನ್ನಲು ಎಣ್ಣೆಯದು ಬೇಡ, ಲಗ್ನಪತ್ರಿಕೆ ಹೀರಿಬಿಡುತ್ತದೆ. ನಾವು ಒಣ ಚುರಮುರಿಗೆ ಪುಟಾಣಿ ಹಿಟ್ಟು, ಸ್ವಲ್ಪ ಸಕ್ಕರೆ ಬೆರೆಸಿ ಚಮಚ ಹಾಕಿ ಇಡುತ್ತೇವೆ.