ಹೊಸ ಕಾರಿಗೆ ದೊಡ್ಡ ರೇಡಿಯೇಟರ್ ಬೇಕಿತ್ತೇ?

ನಮ್ಮೂರು ಅಮ್ಮಸಂದ್ರ, ತುರುವೇಕೆರೆ ತಾಲ್ಲೂಕು. ರೈಲು ನಿಲ್ದಾಣ, ಸಿಮೆಂಟ್ ಫ್ಯಾಕ್ಟರಿ, ತೆಂಗಿನ ತೋಟ ಎಂದು ಮೂರು ಹೆಸರು ಹೇಳಿದರೆ ಊರಿನ ಪರಿಚಯ ಮುಗಿಯಿತು. ಇಲ್ಲಿ ಮದುವೆ, ಮನೆ, ಕಾಲೇಜು ಫೀಸು ಎಲ್ಲವೂ ತಿಪಟೂರಿನ ಕೊಬ್ಬರಿ ದರ ನೋಡಿಕೊಂಡೇ ನಡೆಯುತ್ತವೆ. ನನ್ನ ಕಾರೂ ಹಾಗೇ ಬಂತು.

2023ರಲ್ಲಿ ಉಂಡೆ ಕೊಬ್ಬರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆಯಲ್ಲಿ ದರ ಎಂಟು ಸಾವಿರದ ಆಸುಪಾಸಿಗೆ ಇಳಿದಿತ್ತು. ಆಗ ನಮ್ಮ ಮನೆಯಲ್ಲಿ ಕಾರಿನ ಮಾತೆತ್ತುವ ಧೈರ್ಯ ಯಾರಿಗೂ ಇರಲಿಲ್ಲ. 2025ರಲ್ಲಿ ಅದೇ ಕೊಬ್ಬರಿ 20 ಸಾವಿರ ದಾಟಿತು. ನಾವು ಮಾರಿದ್ದು 24 ಸಾವಿರಕ್ಕೆ. ಅದೇ ವರ್ಷ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 18ಕ್ಕೆ ಇಳಿಯಿತು. ತುಮಕೂರಿನಲ್ಲಿ ಕೆಲಸಕ್ಕಿರುವ ನನ್ನ ಸಂಬಳದ ಮೇಲೆ ಸಾಲ, ಅಪ್ಪನ ಕೊಬ್ಬರಿ ದುಡ್ಡಿನಲ್ಲಿ ಮುಂಗಡ. ದೀಪಾವಳಿಗೆ ಟರ್ಬೊ ಎಂಜಿನ್ನಿನ ಹ್ಯಾಚ್‌ಬ್ಯಾಕ್ ಮನೆ ಮುಂದೆ ನಿಂತಿತು. ಯಾವ ಕಂಪನಿಯದು ಎಂದು ಬರೆಯುವುದಿಲ್ಲ. ಇದು ಜಾಹೀರಾತಲ್ಲ, ದೂರೂ ಅಲ್ಲ.

ಸಣ್ಣ ಕಾರಿನಲ್ಲಿ ದೊಡ್ಡ ಶಕ್ತಿ ಎಂಬ ಆಸೆ ನಮ್ಮ ದೇಶಕ್ಕೆ ಹೊಸದಲ್ಲ. 2001ರಲ್ಲಿ ಬಂದ ಫಿಯೆಟ್ ಪಾಲಿಯೋದ 1.6 ಲೀಟರ್ ಮಾದರಿಯನ್ನು ಈಗಲೂ ನೆನೆಯುವವರಿದ್ದಾರೆ. 2013ರಲ್ಲಿ ಪೋಲೊ ಜಿಟಿ ಟಿಎಸ್‌ಐ, 2021ರಲ್ಲಿ ಐ20 ಎನ್ ಲೈನ್, 2024ರಲ್ಲಿ ಆಲ್ಟ್ರೋಜ್ ರೇಸರ್ ಬಂದವು. ಕೊನೆಯ ಎರಡರಲ್ಲೂ ಸುಮಾರು 120 ಅಶ್ವಶಕ್ತಿ. 1983ರಲ್ಲಿ ಬಂದ ಮೊದಲ ಮಾರುತಿ 800ರ ಶಕ್ತಿ 40ಕ್ಕೂ ಕಡಿಮೆ ಇತ್ತು. ಅಂದರೆ ಮೂರು ಮಾರುತಿಗಳ ಬಲ ಈಗ ಒಂದೇ ಬಾನೆಟ್ ಕೆಳಗೆ ಕೂತಿದೆ. ಅಷ್ಟು ಬಲ ಇದ್ದ ಮೇಲೆ ಅಷ್ಟು ಬಿಸಿಯೂ ಇರುತ್ತದಲ್ಲವೇ? ನನ್ನ ತಲೆನೋವು ಶುರುವಾಗಿದ್ದು ಅಲ್ಲಿಂದಲೇ.

ಏಪ್ರಿಲ್‌ನಲ್ಲಿ ಮನೆಯವರೆಲ್ಲ ಧರ್ಮಸ್ಥಳಕ್ಕೆ ಹೋಗಿದ್ದೆವು. ವಾಪಸ್ ಬರುವಾಗ ಉಜಿರೆ ದಾಟಿ ಚಾರ್ಮಾಡಿ ಘಾಟಿ ಏರಬೇಕು. ಮಧ್ಯಾಹ್ನದ ಬಿಸಿಲು, ಕಾರಿನಲ್ಲಿ ಐದು ಜನ, ಎ.ಸಿ. ಪೂರ್ತಿ, ಮುಂದೆ ಉಸಿರುಕಟ್ಟಿಕೊಂಡು ಏರುತ್ತಿದ್ದ ಒಂದು ಗೂಡ್ಸ್ ಗಾಡಿ. ಅರ್ಧ ಘಾಟಿಯಲ್ಲಿ ಡ್ಯಾಶ್‌ಬೋರ್ಡಿನ ತಾಪಮಾನದ ಮುಳ್ಳು ನಡುಮಧ್ಯದಿಂದ ಎರಡು ಗೀಟು ಮೇಲೆ ಹೋಯಿತು. ಎ.ಸಿ. ಆರಿಸಿದೆ. ಅಗಲವಾದ ಜಾಗ ಸಿಕ್ಕಾಗ ನಿಲ್ಲಿಸಿದೆ. ಬಾನೆಟ್ ಎತ್ತಿ ಮುಚ್ಚಳಕ್ಕೆ ಕೈ ಹಾಕಲು ಹೋದರೆ ಅಪ್ಪ ಕೂಗಿದರು.

"ಮುಟ್ಬೇಡ ಕಣೋ! ನಿಮ್ಮ ದೊಡ್ಡಪ್ಪ ಟ್ರ್ಯಾಕ್ಟರ್ ರೇಡಿಯೇಟರ್ ಮುಚ್ಚಳ ತೆಗೆದು ಮುಖ ಸುಟ್ಕೊಂಡಿದ್ದು ಮರ್ತೋಯ್ತಾ?"

ಅರ್ಧ ಗಂಟೆ ಕಾದು ನಿಧಾನವಾಗಿ ಹತ್ತಿ ಕೊಟ್ಟಿಗೆಹಾರ ಸೇರಿದೆವು. ಮುಳ್ಳು ತನ್ನ ಜಾಗಕ್ಕೆ ಬಂದಿತ್ತು. ನನ್ನ ಮನಸ್ಸು ಬಂದಿರಲಿಲ್ಲ.

ಊರಿಗೆ ಬಂದು ಗೆಳೆಯರಿಗೆ ಹೇಳಿದೆ. ಎಲ್ಲರದೂ ಒಂದೇ ಮಾತು: "ಟರ್ಬೊ ಗಾಡಿಗೆ ಕಂಪನಿ ಕೂಲಿಂಗ್ ಸಾಲಲ್ಲ ಮಗಾ, ಅಪ್‌ಗ್ರೇಡ್ ಮಾಡ್ಸು." ಬೆಂಗಳೂರಿನ ಒಂದು ಗ್ಯಾರೇಜಿನಿಂದ ಲೆಕ್ಕ ತರಿಸಿದೆ. ದೊಡ್ಡ ಇಂಟರ್‌ಕೂಲರ್, ದಪ್ಪ ಅಲ್ಯೂಮಿನಿಯಂ ರೇಡಿಯೇಟರ್, ಆಯಿಲ್ ಕೂಲರ್, ಬೇಗ ತೆರೆದುಕೊಳ್ಳುವ ಥರ್ಮೋಸ್ಟಾಟ್, ಕೂಲಿ ಸೇರಿ 65 ಸಾವಿರ ರೂಪಾಯಿ. ಅಪ್ಪನಿಗೆ ಹೇಳಿದೆ. ಅವರು ಬೇಡ ಎನ್ನಲಿಲ್ಲ. "ಹೊಸ ಗಾಡಿಗೆ ರಿಪೇರಿ ಯಾಕಪ್ಪ?" ಎಂದಷ್ಟೇ ಕೇಳಿ, ಸ್ವಲ್ಪ ಹೊತ್ತು ಬಿಟ್ಟು, "ಸಸಿ ಹಾಕ್ಸಕ್ಕೆ ಅಂತ ಇಟ್ಟಿರೋ ದುಡ್ಡೈತೆ, ಬೇಕಾದ್ರೆ ತಗೋ" ಎಂದರು.

ನಮ್ಮ ತೋಟದಲ್ಲಿ ಕಪ್ಪು ತಲೆ ಹುಳು ಮತ್ತು ಕಾಂಡದಲ್ಲಿ ರಸ ಸೋರುವ ರೋಗಕ್ಕೆ ನಲವತ್ತಕ್ಕೂ ಹೆಚ್ಚು ಮರ ಹೋಗಿವೆ. ಆ ಗುಂಡಿಗಳಿಗೆ ಹೊಸ ಸಸಿ ಇಡುವ ದುಡ್ಡು ಅದು. ನಮ್ಮ ಲೆಕ್ಕದಲ್ಲಿ ಒಂದು ಕ್ವಿಂಟಲ್ ಕೊಬ್ಬರಿಗೆ ಎಂಟುನೂರರ ಹತ್ತಿರ ಕಾಯಿ ಬೇಕು. 65 ಸಾವಿರವೆಂದರೆ ಒಳ್ಳೆಯ ದರದಲ್ಲೂ ಎರಡು ಸಾವಿರ ಕಾಯಿಗೆ ಮೇಲೆ. 2023ರ ದರದಲ್ಲಾದರೆ ಆರು ಸಾವಿರ ದಾಟುತ್ತಿತ್ತು. ದುಡ್ಡು ತೆಗೆದುಕೊಳ್ಳುವ ಮೊದಲು ವಿಷಯ ತಿಳಿದುಕೊಳ್ಳೋಣ ಎನಿಸಿದ್ದು ಆ ಲೆಕ್ಕ ಹಾಕಿದಾಗಲೇ.

ತಿಳಿದದ್ದನ್ನು ಸರಳವಾಗಿ ಹೇಳುತ್ತೇನೆ. ಪೆಟ್ರೋಲ್ ಸುಟ್ಟಾಗ ಬರುವ ಶಕ್ತಿಯಲ್ಲಿ ಸ್ಥೂಲವಾಗಿ ಮೂರನೇ ಒಂದು ಭಾಗ ಚಕ್ರ ತಿರುಗಿಸುವ ಕೆಲಸಕ್ಕೆ ಬರುತ್ತದೆ. ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಒಂದಷ್ಟು ಸೈಲೆನ್ಸರ್ ದಾರಿಯಲ್ಲಿ, ಇನ್ನೊಂದಷ್ಟು ಕೂಲೆಂಟ್ ಮೂಲಕ ರೇಡಿಯೇಟರ್ ದಾರಿಯಲ್ಲಿ. ಟರ್ಬೊ ಎಂದರೆ ಹೊಗೆಯ ರಭಸದಿಂದ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಿ ಎಂಜಿನ್ನಿಗೆ ಗಾಳಿ ಒತ್ತುವ ಪುಟ್ಟ ಗಿರಗಟ್ಟೆ. ಸೈಕಲ್ ಪಂಪ್ ಹೊಡೆದಾಗ ಬುಡ ಬಿಸಿಯಾಗುತ್ತದಲ್ಲ, ಹಾಗೆ ಒತ್ತಿದ ಗಾಳಿಯೂ ಬಿಸಿಯಾಗುತ್ತದೆ. ಅದನ್ನು ತಣಿಸಿ ಒಳಗೆ ಕಳಿಸುವುದು ಇಂಟರ್‌ಕೂಲರ್ ಕೆಲಸ.

ಹಾಗಾದರೆ ಎಲ್ಲವನ್ನೂ ದೊಡ್ಡದು ಮಾಡಿದರೆ ಒಳ್ಳೆಯದಲ್ಲವೇ? ಅಲ್ಲ. ದೊಡ್ಡ ಇಂಟರ್‌ಕೂಲರನ್ನು ಸಾಮಾನ್ಯವಾಗಿ ರೇಡಿಯೇಟರ್ ಮುಂದೆಯೇ ಕೂರಿಸುತ್ತಾರೆ. ಅದು ರೇಡಿಯೇಟರಿಗೆ ಬರುವ ಗಾಳಿಗೆ ಅಡ್ಡ ಬರುತ್ತದೆ. ಹೋಗುವ ಗಾಳಿಯನ್ನೂ ಬಿಸಿ ಮಾಡಿಯೇ ಬಿಡುತ್ತದೆ. ಘಾಟಿಯಲ್ಲಿ ನಿಧಾನವಾಗಿ ಏರುವಾಗ ಅದು ಉಪಕಾರವಲ್ಲ, ಅಪಕಾರ. ಬೇಗ ತೆರೆಯುವ ಥರ್ಮೋಸ್ಟಾಟ್ ಹಾಕಿದರೆ ಎಂಜಿನ್ ಇನ್ನೂ ಕಾದಿಲ್ಲವೆಂದು ಕಂಪ್ಯೂಟರ್ ತಿಳಿದು ಹೆಚ್ಚು ಪೆಟ್ರೋಲ್ ಕುಡಿಸಬಹುದು. ಎಣ್ಣೆಯೂ ಸದಾ ತಣ್ಣಗಿದ್ದರೆ ಅದರೊಳಗಿನ ನೀರಿನ ಪಸೆ ಆವಿಯಾಗಿ ಹೋಗುವುದಿಲ್ಲ. ಎಂಜಿನ್ನಿಗೆ ಬೇಕಾದದ್ದು ತಂಪಲ್ಲ, ಹದ. ತೆಂಗು ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಟ್ಟದ ಕಾಯಿ ಗಿಟಕು ಆಗಲು ಹತ್ತು ಹನ್ನೊಂದು ತಿಂಗಳು ಹಿಡಿಯುತ್ತದೆ. ಅವಸರಕ್ಕೆ ಕೆಳಗೆ ಬೆಂಕಿ ಜೋರು ಮಾಡಿದರೆ ಕೊಬ್ಬರಿ ಕಪ್ಪಾಗುತ್ತದೆ, ಶಾಖವೇ ಇಲ್ಲದಿದ್ದರೆ ಬೂಸ್ಟು ಹಿಡಿಯುತ್ತದೆ.

ಇಷ್ಟಾದರೂ ಒಂದು ಪ್ರಶ್ನೆ ಉಳಿದಿತ್ತು. ಕಂಪನಿಯ ಕೂಲಿಂಗ್ ಸಾಕು ಎನ್ನುವುದಾದರೆ ಮುಳ್ಳು ಮೇಲೆ ಹೋದದ್ದೇಕೆ? ಈಗಿನ ಕಾರುಗಳಲ್ಲಿ ಆ ಮುಳ್ಳು ಸಣ್ಣಪುಟ್ಟ ಏರಿಳಿತಕ್ಕೆ ಅಲುಗದಂತೆ ಮಾಡಿರುತ್ತಾರೆ. ಅಲುಗಿತೆಂದರೆ ಏನೋ ಇದೆ ಎಂದೇ ಅರ್ಥ.

ಉತ್ತರ ಕೊಟ್ಟವರು ನಮ್ಮೂರಿನ ಟ್ರ್ಯಾಕ್ಟರ್ ಮೆಕ್ಯಾನಿಕ್ ಅಣ್ಣ. ಕಾರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಟಾರ್ಚ್ ಬಿಟ್ಟು ನೋಡಿದರು. "ಈ ಜಾಲರಿ ಯಾರು ಹಾಕಿದ್ದು?" ನಾನೇ. ಗ್ರಿಲ್ ಹಿಂದೆ ಕಪ್ಪು ಜಾಲರಿ, ಅದರ ಮುಂದೆ ಎರಡು ದೊಡ್ಡ ಲೈಟು. ರೇಸ್ ಕಾರಿನಂತೆ ಕಾಣಲಿ ಎಂದು ಹಾಕಿಸಿದ್ದೆ. "ಗಾಡಿ ಎಲ್ಲಿ ನಿಲ್ಲಿಸ್ತೀಯ?" ತೋಟದ ಮನೆಯಲ್ಲಿ, ಮಟ್ಟೆ ರಾಶಿಯ ಪಕ್ಕ. ಅವರು ನಕ್ಕು, ಜಾಲರಿ ಬಿಚ್ಚಿ, ಕಂಪ್ರೆಸರಿನ ಗಾಳಿಯನ್ನು ಹದವಾಗಿ ಹಿಂದಿನಿಂದ ಮುಂದಕ್ಕೆ ಬಿಟ್ಟರು. ಉದುರಿದ್ದು ತೆಂಗಿನ ನಾರು, ಹುಲ್ಲಿನ ಬೀಜ, ಒಣಗಿದ ಹೊಂಗೆ ಹೂವು, ಬೂದು ಬಣ್ಣದ ದೂಳು. ಬೆಳಗಿನ ಇಬ್ಬನಿಗೆ ಆ ದೂಳು ಕೆಲವು ಕಡೆ ಗಾರೆಯಂತೆ ಹಿಡಿದುಬಿಟ್ಟಿತ್ತು. ಆರು ತಿಂಗಳ ಕಾರಿನ ರೇಡಿಯೇಟರ್ ಕಿಂಡಿಗಳಲ್ಲಿ ಮೂರನೇ ಒಂದು ಪಾಲಾದರೂ ಮುಚ್ಚಿರಬೇಕು. ತಪ್ಪು ಕಾರಿನದಲ್ಲ, ನನ್ನದು.

"ಎಷ್ಟಾಯ್ತಣ್ಣ?" ಎಂದೆ. "ಟೀ ಕುಡಿಸು" ಎಂದರು. ನಂತರ ಸರ್ವಿಸ್ ಸೆಂಟರಿನಲ್ಲೂ ಪರೀಕ್ಷೆ ಮಾಡಿಸಿದೆ, ಯಾವ ದೋಷವೂ ಕಾಣಲಿಲ್ಲ. ಮೇ ತಿಂಗಳಲ್ಲಿ ಚಿಕ್ಕಪ್ಪನ ಮಕ್ಕಳೊಂದಿಗೆ ಮತ್ತೆ ಅದೇ ಘಾಟಿ ಏರಿದೆ. ನಾಲ್ಕು ಜನ, ಡಿಕ್ಕಿ ತುಂಬ ಹಲಸಿನ ಹಣ್ಣು, ಎ.ಸಿ. ಚಾಲೂ. ಮುಳ್ಳು ಅಲುಗಲಿಲ್ಲ.

ಹಾಗೆಂದು ಕೂಲಿಂಗ್ ಅಪ್‌ಗ್ರೇಡ್ ಎಂಬುದೇ ಮೋಸವೆಂದು ನಾನು ಹೇಳುತ್ತಿಲ್ಲ. ಕೊಯಮತ್ತೂರಿನ ಕರಿ ಸ್ಪೀಡ್‌ವೇ, ಚೆನ್ನೈ ಹೊರಗಿನ ಇರುಂಗಾಟ್ಟುಕೋಟೈ ಟ್ರ್ಯಾಕ್‌ಗಳಲ್ಲಿ ಸುತ್ತಿನ ಮೇಲೆ ಸುತ್ತು ಪೂರ್ತಿ ಆ್ಯಕ್ಸಿಲರೇಟರ್ ಒತ್ತಿ ಓಡಿಸುವವರಿಗೆ ಆಯಿಲ್ ಕೂಲರ್ ನಿಜಕ್ಕೂ ಬೇಕಾಗಬಹುದು. ಅಲ್ಲಿಯೂ ಮೊದಲು ಕಾಯುವುದು ಬಹಳ ಸಲ ಬ್ರೇಕ್. ಹೊಸ ಡಾಟ್ 4 ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬ ಮಾನದಂಡವಿದೆ. ಗಾಳಿಯ ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕುದಿದರೆ ಪೆಡಲ್ ಒತ್ತಿದರೂ ಗಾಡಿ ನಿಲ್ಲದು. 65 ಸಾವಿರದ ಪಟ್ಟಿಯಲ್ಲಿ ಬ್ರೇಕ್ ಆಯಿಲ್ ಹೆಸರೇ ಇರಲಿಲ್ಲ.

ನನ್ನ ತಕರಾರು ಇರುವುದು ನಮ್ಮ ರಸ್ತೆಯ ಬಗ್ಗೆ. ದೊಡ್ಡ ಕೂಲರ್‌ನ ಪ್ರಯೋಜನ ಸಿಗಬೇಕಾದರೆ ಹತ್ತು ಹದಿನೈದು ನಿಮಿಷ ಬಿಡದೆ ಎಂಜಿನ್ನನ್ನು ಹಿಂಡಬೇಕು. ಕೆ.ಬಿ. ಕ್ರಾಸ್‌ನಿಂದ ತಿಪಟೂರಿನವರೆಗಿನ ಹೆದ್ದಾರಿಯಲ್ಲಿ ಹಾಗೆ ಓಡಿಸಲು ಎಲ್ಲಿ ಜಾಗವಿದೆ? ಹಿಂದೆ ಲೈಟಿಲ್ಲದ ಟ್ರ್ಯಾಕ್ಟರ್, ಕಾಯಿ ತುಂಬಿದ ಲಗೇಜ್ ಆಟೊ, ಟೀ ಅಂಗಡಿಗೆ ಅಡ್ಡ ದಾಟುವ ಅಜ್ಜ, ಶಾಲೆ ಬಿಟ್ಟ ಮಕ್ಕಳು ಎಲ್ಲರದೂ ಅದೇ ರಸ್ತೆ. ಆ ಉಪಕರಣ ಕೆಲಸಕ್ಕೆ ಬರುವಷ್ಟು ಜೋರಾಗಿ ನಾನು ಇಲ್ಲಿ ಓಡಿಸಿದರೆ ಯಾರದೋ ಮನೆ ದೀಪ ಆರುತ್ತದೆ. ಅಷ್ಟು ಜೋರಾಗಿ ಓಡಿಸದಿದ್ದರೆ ಆ ಉಪಕರಣ ನನಗೆ ಬೇಕಿಲ್ಲ. ಇವೆರಡರ ನಡುವೆ ಮೂರನೇ ದಾರಿ ನನಗೆ ಕಾಣಲಿಲ್ಲ.

ಕಾನೂನಿನ ಮಾತೂ ಇದೆ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ವಾಹನ ಬದಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಕಾಯ್ದೆ ಒಪ್ಪದ ಪ್ರತಿ ಬದಲಾವಣೆಗೆ ಐದು ಸಾವಿರ ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಕೂಲಿಂಗ್ ಭಾಗ ಬದಲಿಸಿದ ಮೇಲೆ ಎಂಜಿನ್ನಿಗೆ ತೊಂದರೆಯಾದರೆ ವಾರಂಟಿ ಸಿಗುವುದು ಕಷ್ಟ. ವಿಮಾ ಕಂಪನಿಗೆ ತಿಳಿಸದೆ ಮಾಡಿಸಿದರೆ ಅಲ್ಲೂ ತಗಾದೆ ಏಳಬಹುದು. ಸಾಲದ ಕಂತು ಮಾತ್ರ ನಿಲ್ಲುವುದಿಲ್ಲ.

ಒಂದು ನಿಜ ಒಪ್ಪಿಕೊಳ್ಳುತ್ತೇನೆ. ಘಾಟಿಯಲ್ಲಿ ಹೆದರಿದ್ದು ಹೌದು. ಆದರೆ ನನಗೆ ಆ ಇಂಟರ್‌ಕೂಲರ್ ಬೇಕಿದ್ದದ್ದು ಬಿಸಿಗಲ್ಲ. ಗೆಳೆಯರ ಮುಂದೆ ಬಾನೆಟ್ ಎತ್ತಿದಾಗ ಅದು ಹೊಳೆಯಬೇಕಿತ್ತು, ಅದರದೊಂದು ರೀಲ್ಸ್ ಆಗಬೇಕಿತ್ತು. ಆ ಹೊಳಪಿಗೆ ಅಪ್ಪನ ಸಸಿ ದುಡ್ಡು ಹೋಗಲಿತ್ತು.

ನನ್ನಂತೆ ಮೊದಲ ಟರ್ಬೊ ಕಾರು ಕೊಂಡವರಿಗೆ ಇಷ್ಟು ಹೇಳಬಲ್ಲೆ. ಗ್ರಿಲ್ ಮುಂದೆ ಏನನ್ನೂ ಕಟ್ಟಬೇಡಿ. ಎರಡು ಮೂರು ತಿಂಗಳಿಗೊಮ್ಮೆ ರೇಡಿಯೇಟರ್ ಕಿಂಡಿ ನೋಡಿ, ಜೋರು ನೀರು ಹೊಡೆದು ರೆಕ್ಕೆಗಳನ್ನು ಬಗ್ಗಿಸಬೇಡಿ. ಎಂಜಿನ್ ತಣ್ಣಗಿರುವಾಗ ಕೂಲೆಂಟ್ ಮಟ್ಟ ನೋಡಿ. ಕಡಿಮೆಯಾಗಿದ್ದರೆ ಕಂಪನಿ ಹೇಳಿದ್ದನ್ನೇ ಹಾಕಿ. ನಮ್ಮ ಕಡೆಯ ಬೋರ್‌ವೆಲ್ ನೀರು ಪಾತ್ರೆಯ ತಳದಲ್ಲಿ ಬಿಳಿ ಪದರ ಬಿಡುತ್ತದೆ. ರೇಡಿಯೇಟರ್ ಒಳಗೂ ಅದೇ ಆಗುತ್ತದೆ. ಎಣ್ಣೆಯನ್ನು ಅವಧಿಗೆ ಸರಿಯಾಗಿ ಬದಲಿಸಿ. ಜೋರಾಗಿ ಓಡಿಸಿಕೊಂಡು ಬಂದವರು ಕೊನೆಯ ಒಂದೆರಡು ಕಿಲೋಮೀಟರ್ ನಿಧಾನವಾಗಿ ಬನ್ನಿ, ಟರ್ಬೊ ತಣಿಯಲಿ. ಇಷ್ಟು ಮಾಡಿಯೂ ಮುಳ್ಳು ಏರಿದರೆ ಆಗ ಸರ್ವಿಸ್ ಸೆಂಟರಿಗೆ ಹೋಗಿ.

ಈಗ ಕಾರು ಮಟ್ಟೆ ರಾಶಿಯ ಪಕ್ಕ ನಿಲ್ಲುವುದಿಲ್ಲ. ಜಗುಲಿ ಪಕ್ಕ ಸೀಟಿನ ಚಪ್ಪರ ಹಾಕಿಸಿದ್ದೇನೆ. ಜಾಲರಿ ದನದ ಕೊಟ್ಟಿಗೆಯ ಕಿಟಕಿಗೆ ಹೋಯಿತು. ಮುಂಗಾರು ಹಿಡಿದ ಮೇಲೆ ನಲವತ್ತು ಸಸಿ ನೆಟ್ಟೆವು. ಸಸಿ ತಂದದ್ದು ಇದೇ ಕಾರಿನಲ್ಲಿ, ಹಿಂದಿನ ಸೀಟು ಮಡಚಿ, ನಾಲ್ಕು ಸಲ ಓಡಾಡಿ. ಸೀಟಿಗೆ ಮಣ್ಣಾಗುತ್ತದೆಂದು ಅಪ್ಪ ಗೋಣಿಚೀಲ ಹಾಸಿದರು. ಕಾರು ಬಂದಾಗಿನಿಂದ ಅವರು ಅದರ ಒಳಗೆ ತಾವಾಗಿಯೇ ಏನಾದರೂ ಇಟ್ಟದ್ದು ಅದೇ ಮೊದಲು.