ಒಂದಕ್ಷರದ ಋಣ

ವೇಲ್ಸ್ ನಾಡಿನಲ್ಲಿ ಜೋನ್ಸ್, ಡೇವಿಸ್ ಎಂಬುವರು ಊರಿಗೆ ಹಲವರು; ಪೆನ್ರಿ ಎಂಬ ಅಡ್ಡಹೆಸರು ಮಾತ್ರ ವಿರಳ, ಅದರ ಬೇರು ಹೆಚ್ಚಾಗಿ ದಕ್ಷಿಣ ಭಾಗದಲ್ಲಿ. 1593ರಲ್ಲಿ ಗಲ್ಲಿಗೇರಿದ ಧರ್ಮಸುಧಾರಕ ಜಾನ್ ಪೆನ್ರಿ ಈ ಹೆಸರಿನವನೇ.

ಆ ನುಡಿಯಲ್ಲಿ 'ಆಪ್' ಎಂದರೆ ಮಗ. 'ಆಪ್ ಹೆನ್ರಿ', ಅಂದರೆ ಹೆನ್ರಿಯ ಮಗ, ಎಂಬುದೇ ಸವೆದು ಪೆನ್ರಿಯಾಯಿತು. ಹಿಂದೆ ತಲೆಮಾರಿಗೊಮ್ಮೆ ಬದಲಾಗುತ್ತಿದ್ದ ಇಂಥ ಹೆಸರುಗಳು, 1536ರ ಶಾಸನವು ಇಂಗ್ಲಿಷನ್ನು ನ್ಯಾಯಾಲಯದ ನುಡಿಯಾಗಿಸಿದ ಮೇಲೆ, ಕ್ರಮೇಣ ಸ್ಥಿರವಾದವು.

ಅಲ್ಲಿ 'ಮಗ' ಎಂಬ ಮಾತು ಒಂದಕ್ಷರಕ್ಕಿಳಿಯಿತು. ತಂದೆಯ ಹೆಸರು ಉಳಿಯಿತು. ನಮ್ಮಲ್ಲಿಯಾದರೋ ತಂದೆಯ ಹೆಸರೇ ಇನಿಷಿಯಲ್ಲಾಗಿ ಒಂದಕ್ಷರಕ್ಕಿಳಿಯುತ್ತದೆ. ತಾವು ಅಕ್ಷರವರಿಯದೆಯೂ ನನ್ನನ್ನು ಓದಿಸಿದ ತಂದೆಯವರ ಹೆಸರು ನನ್ನ ಪದವಿಪತ್ರದಲ್ಲಾದರೂ ಪೂರ್ಣವಾಗಿರಬೇಕೆಂಬುದು ನನ್ನ ಮತ.